ಸಹಾಯ ಬೇಕು: ಅಕ್ರೋಟ್ ಮಾಮೂಲ್ ಬಿರುಕು ಬಿಡುತ್ತಿದೆ

ಲೆಬನಾನಿನಲ್ಲಿ ಈಸ್ಟರ್‌ಗೂ ಈದ್‌ಗೂ ಮನೆಮನೆಯಲ್ಲಿ ಮಾಡುವ, ಹೂರಣ ತುಂಬಿದ ರವೆ ಬಿಸ್ಕತ್ತು ಮಾಮೂಲ್ ಬಗ್ಗೆ ಕೇಳಬೇಕಿತ್ತು. ಬೇಕಿಂಗ್‌ನಲ್ಲಿ ಪಳಗಿದವರು ದಯವಿಟ್ಟು ಹೇಳಿ.

ಅಳತೆ: ದಪ್ಪ ರವೆ 500 ಗ್ರಾಂ, ಚಿರೋಟಿ ರವೆ 250 ಗ್ರಾಂ, ತುಪ್ಪ 350 ಗ್ರಾಂ, ಸಕ್ಕರೆ 75 ಗ್ರಾಂ, ಮಹ್ಲಬ್ (ಒಂದು ಬಗೆಯ ಚೆರ್ರಿ ಬೀಜದ ತಿರುಳಿನ ಸುವಾಸನೆ ಮಸಾಲೆ) ಪುಡಿ ಒಂದು ಟೀ ಚಮಚ. ಕರಗಿಸಿದ ತುಪ್ಪವನ್ನು ರವೆಗೆ ಅಂಗೈಯಲ್ಲಿ ತಿಕ್ಕಿ, ಮುಚ್ಚಿ, ರಾತ್ರಿಯಿಡೀ ಬಿಡುವುದು. ಬೆಳಿಗ್ಗೆ ಗುಲಾಬಿ ನೀರು, ಕಿತ್ತಳೆ ಹೂವಿನ ನೀರು ಎರಡೂ ಸೇರಿ 120 ಮಿ.ಲೀ. ನಾದುವುದಿಲ್ಲ, ಒಟ್ಟುಗೂಡಿಸುವುದಷ್ಟೇ. ನಾದಿದರೆ ಬಾಯಲ್ಲಿ ಪುಡಿಯಾಗುವ ಗುಣ ಹೋಗಿ ಗಟ್ಟಿಯಾಗುತ್ತದೆ. ಹುರಿದ ರವೆಯಂತೂ ಬೇಡವೇ ಬೇಡ.

ಖರ್ಜೂರ ತುಂಬಿದ ಚಪ್ಪಟೆ ಅಚ್ಚಿನದು ಚೆನ್ನಾಗಿ ಬರುತ್ತದೆ. ತೊಂದರೆ ಗುಮ್ಮಟದಾಕಾರದ ಅಕ್ರೋಟ್ ಮಾಮೂಲ್‌ದು. ಓವನ್ 180 ಡಿಗ್ರಿಯಲ್ಲಿದ್ದರೆ ತುಪ್ಪ ಮೊದಲೇ ಕರಗಿ ಅಚ್ಚಿನ ಗೆರೆ ಮಾಸುತ್ತದೆ. 220ಕ್ಕೆ ಏರಿಸಿದರೆ ಗೆರೆ ನಿಲ್ಲುತ್ತದೆ, ಆದರೆ ತಳ ಕಪ್ಪಾಗುತ್ತದೆ, ಬುಡದ ಅಂಚು ಸೀಳಿ ಹೂರಣದ ಸಕ್ಕರೆ ಪಾಕವಾಗಿ ಹೊರಗೆ ಬರುತ್ತದೆ. ಮೇಲೆ ಉದುರಿಸುವ ಸಕ್ಕರೆ ಪುಡಿ ಎಲ್ಲವನ್ನೂ ಮುಚ್ಚುತ್ತದೆ ನಿಜ, ಆದರೆ ಅದು ಪರಿಹಾರವಲ್ಲವಲ್ಲ.

ತಿಳಿಯಬೇಕಾದದ್ದು ಇಷ್ಟು. ನಮ್ಮ ಅಂಗಡಿಯ ದಪ್ಪ ರವೆ ಹೆಚ್ಚು ನೀರು ಕುಡಿದು ಹಿಟ್ಟು ಒಣಗಿದಂತಾಗುತ್ತಿದೆಯೇ? ಹಾಗಿದ್ದರೆ ಎರಡು ಚಮಚ ಹಾಲು ಸೇರಿಸಿದರೆ ಸಾಕೇ? ಅಚ್ಚಿನಿಂದ ತೆಗೆದ ಮೇಲೆ ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ಬೇಯಿಸಿದವರು ಇದ್ದೀರಾ? ಟ್ರೇ ಯಾವ ಮೆಟ್ಟಿಲಲ್ಲಿ ಇಡುತ್ತೀರಿ? ಮೈದಾ ಬೆರೆಸುವ ಸಲಹೆ ಮಾತ್ರ ಬೇಡ, ರವೆಯ ತರಿತರಿ ಉಳಿಯಬೇಕು.