ಅಪ್‌ಡೇಟ್: ಮಳೆಗಾಲದಲ್ಲಿ ಬ್ಯಾಗ್ ಲೀಕ್ ಆಗ್ತಿದ್ದಿದ್ದು ನಿಂತಿದೆ

ಇಲಿಯೊಸ್ಟೊಮಿ ಬ್ಯಾಗು (ಆಪರೇಶನ್ ಮಾಡಿ ಸಣ್ಣ ಕರುಳನ್ನ ಹೊಟ್ಟೆ ಮೇಲೆ ಹೊರಗೆ ತಂದಾಗ ಮಲ ತುಂಬೋಕೆ ಅಂಟಿಸೋ ಚೀಲ) ಪದೇಪದೇ ಲೀಕಾಗುತ್ತೆ, ಸುತ್ತ ಚರ್ಮ ಉರಿ ಉರಿ, ಏನ್ ಮಾಡ್ಲಿ ಅಂತ ತೀರ್ಥಹಳ್ಳಿಯಿಂದ ಕೇಳಿದ್ದೆನಲ್ಲ, ಈಗ ಪರವಾಗಿಲ್ಲ. ಸ್ಟೋಮಾ (ಹೊಟ್ಟೆ ಮೇಲೆ ಹೊರಬಂದಿರೋ ಕರುಳಿನ ಬಾಯಿ) ಮತ್ತೆ ಅಳತೆ ತಗೊಳ್ಳಿ ಅಂದವರಿಗೆ ದೊಡ್ಡ ನಮಸ್ಕಾರ. ಆಪರೇಶನ್ ಆದ್ಮೇಲೆ 6-8 ವಾರ ಅದು ಊತ ಇಳಿದು ಸಣ್ಣದಾಗ್ತಾ ಹೋಗುತ್ತಂತೆ, ಪ್ಲೇಟಲ್ಲಿ (ಬ್ಯಾಗಿನ ಚರ್ಮಕ್ಕೆ ಅಂಟೋ ಭಾಗ) ಹಳೇ ಅಳತೆ ತೂತೇ ಇದ್ರೆ ಸುತ್ತಲ ಚರ್ಮ ಬಯಲಾಗಿ ಅಲ್ಲೇ ಸುಡುತ್ತೆ. ಈಗ ಆ ತೂತನ್ನ ಸ್ಟೋಮಾಗಿಂತ 2-3 ಮಿಮೀ ಅಷ್ಟೇ ದೊಡ್ಡದಾಗಿ ಕತ್ತರಿಸಿ, ಹಸಿಯಾದ ಕಡೆ ಸ್ಟೋಮಾ ಪೌಡರ್ ಉದುರಿಸಿ, ಹೆಚ್ಚಿದ್ದು ಕೊಡವಿ, ಪ್ಲೇಟ್ ಅಂಟಿಸಿ ಅಂಗೈ ಬಿಸಿಗೆ ಸ್ವಲ್ಪ ಹೊತ್ತು ಒತ್ತಿ ಹಿಡೀತೀನಿ. ಈ ಜಡಿಮಳೇಲಿ ಟವೆಲ್ಲೇ ಒಣಗಲ್ಲ, ಇನ್ನು ಚರ್ಮ ಒಣಗೋದೆಲ್ಲಿ, ಅದಕ್ಕೆ ಬಚ್ಚಲೊಲೆ ಹತ್ರ ಕೂತೇ ಬದಲಾಯಿಸೋದು.

ಕೊಬ್ಬರಿ ಎಣ್ಣೆ ಹಚ್ಚಿ ಅಂದಿದ್ರಲ್ಲ, ಅದು ಬೇಡ ಮಾರಾಯ್ರೇ, ಅಂಟೇ ಹಿಡಿಯಲ್ಲ. ನೀರು ಕಮ್ಮಿ ಕುಡಿಯೋ ಐಡಿಯಾಗಂತೂ ಡಾಕ್ಟ್ರು ಬೈದ್ರು, ದೊಡ್ಡ ಕರುಳಿಗೆ ಹೋಗದೇ ನೀರು ಉಪ್ಪು ಎಲ್ಲಾ ಹೊರಗೆ ಹೋಗೋದ್ರಿಂದ ಓಆರ್‌ಎಸ್ ಕುಡೀಲೇಬೇಕಂತೆ. ಕಳಲೆ ಪಲ್ಯ ಈ ವರ್ಷ ಇಲ್ಲ, ನಾರು ಸಿಕ್ಕಿಹಾಕ್ಕೊಂಡ್ರೆ ಕಷ್ಟ. (ಅತ್ತೆ ಎದುರಿಗೇ ಕೂತು ತಿಂತಾರೆ!)

ಕರುಳು ವಾಪಸ್ ಜೋಡಿಸೋ ಮುಂಚೆ ಡೈ ಬಿಟ್ಟು ಎಕ್ಸ್‌ರೇ ತೆಗೀತಾರಂತೆ, ಆಪರೇಶನ್‌ನಲ್ಲಿ ಕೆಳಗಿನ ಕರುಳಿಗೆ ಹಾಕಿದ ಹೊಲಿಗೆ ಸೋರ್ತಿಲ್ಲ ಅಂತ ಖಾತ್ರಿ ಆದ್ಮೇಲೇ ಡೇಟ್ ಕೊಡೋದು.