ರಗ್ಬಿ ಕ್ಲಬ್‌ಗಳಿಗೆ ಎಂಥ ಲೀಗ್ ಬೇಕು?

ಪ್ರಶ್ನೆ (ವಿರಾಜಪೇಟೆ): ಸರ್, ಲೀಗ್‌ಗಳ ವೇಳಾಪಟ್ಟಿ, ನಿಯಮ ಮಾಡೋದೇ ನಿಮ್ಮ ಕೆಲಸ ಅಂತ ಗ್ರೂಪ್‌ನಲ್ಲಿ ಹೇಳಿದರು, ಅದಕ್ಕೇ ಕೇಳ್ತಿದ್ದೇನೆ. ನಮಗೆ ಗೊತ್ತಿರೋದು ಕೊಡವ ಹಾಕಿ ಹಬ್ಬ. ಸೋತರೆ ಮನೆಗೆ, ಗೆದ್ದರೆ ಮುಂದಕ್ಕೆ. ಕಳೆದ ವರ್ಷ, 2025ರ ಜೂನ್‌ನಲ್ಲಿ, ಮುಂಬೈಯಲ್ಲಿ ನಡೆದ ರಗ್ಬಿ ಪ್ರೀಮಿಯರ್ ಲೀಗ್ ನೋಡಿದ ಮೇಲೆ ನನ್ನ ಮಗನಿಗೆ ಫ್ರಾನ್ಸ್, ಇಂಗ್ಲೆಂಡ್ ಕ್ಲಬ್‌ಗಳ ಹುಚ್ಚು. ಒಂದು ಕಡೆ ಕೊನೆಯ ತಂಡ ಕೆಳಗಿನ ಡಿವಿಜನ್‌ಗೆ ಇಳಿಯುತ್ತೆ, ಇನ್ನೊಂದು ಕಡೆ ಇಳಿಯೋದೇ ಇಲ್ಲ. ಯಾವುದು ಸರಿ?

ಉತ್ತರ: ಇಳಿಯೋದು ಬಿಡೋದು ಆಮೇಲೆ. ಮೊದಲು ಕ್ಯಾಲೆಂಡರ್ ತೆಗೆದು ವಾರಾಂತ್ಯ ಎಣಿಸಿ.

ಹದಿನೈದು ಜನರ ರಗ್ಬಿ ಒಮ್ಮೆ ಆಡಿದ ಮೈ ಸುಧಾರಿಸಿಕೊಳ್ಳಲು ಹೆಚ್ಚುಕಡಿಮೆ ಒಂದು ವಾರ ಬೇಕು. ಮುದ್ದಂಡ ಕುಟುಂಬ ನಡೆಸಿದ 2025ರ ಕೊಡವ ಹಾಕಿ ಹಬ್ಬದಲ್ಲಿ 396 ತಂಡ ಇದ್ದವು. ನಾಕೌಟ್‌ನಲ್ಲಿ ಚಾಂಪಿಯನ್ ಯಾರು ಅಂತ ತೀರ್ಮಾನ ಆಗೋಕೆ 395 ಪಂದ್ಯ. ಹಾಕಿಯಲ್ಲಿ ಇಷ್ಟನ್ನೂ ಒಂದು ತಿಂಗಳಲ್ಲಿ ಮುಗಿಸಬಹುದು. ಅದೇ ವೇಗದಲ್ಲಿ ರಗ್ಬಿ ಆಡಿಸಿದರೆ ಮೈದಾನಕ್ಕಿಂತ ಆಸ್ಪತ್ರೆಯಲ್ಲೇ ಜನ ಜಾಸ್ತಿ.

ಫ್ರಾನ್ಸಿನ ಟಾಪ್ 14 ನೋಡಿ. 14 ಕ್ಲಬ್, ತವರಲ್ಲೊಂದು ಹೊರಗೊಂದು ಪಂದ್ಯ, ಒಟ್ಟು 26 ಸುತ್ತು. ಅದರ ಮೇಲೆ ಆರು ತಂಡಗಳ ಪ್ಲೇ-ಆಫ್, ಯುರೋಪಿನ ಕ್ಲಬ್‌ಗಳ ಕಪ್. ನವೆಂಬರ್‌ನಲ್ಲಿ ಟೆಸ್ಟ್‌ಗಳು, ಅಂದರೆ ದೇಶ-ದೇಶಗಳ ನಡುವಿನ ರಗ್ಬಿ ಪಂದ್ಯಗಳು, ಫೆಬ್ರವರಿ-ಮಾರ್ಚ್‌ನಲ್ಲಿ ಯುರೋಪಿನ ಆರು ದೇಶಗಳ ಸಿಕ್ಸ್ ನೇಷನ್ಸ್ ಟೂರ್ನಿ. ವಾರಾಂತ್ಯ ಸಾಲದೆ, ದೇಶದ ತಂಡಕ್ಕೆ ಹೋದ ಸ್ಟಾರ್‌ಗಳನ್ನು ಬಿಟ್ಟೇ ಕ್ಲಬ್‌ಗಳು ಲೀಗ್ ಆಡುತ್ತವೆ. ಟಿಕೆಟ್ ಕೊಂಡವನಿಗೆ ಇದು ಮೋಸ ಅಂತಲೇ ನನ್ನ ಅಭಿಪ್ರಾಯ. ನನ್ನನ್ನು ಕೇಳಿದರೆ 10ರಿಂದ 12 ಕ್ಲಬ್, 18ರಿಂದ 22 ಸುತ್ತು, ಟೆಸ್ಟ್ ನಡೆಯುವ ವಾರ ಲೀಗ್ ಬಂದ್.

ತಂಡ ಹೆಚ್ಚಿಸುವ ಆಸೆ ಏನು ಮಾಡುತ್ತೆ ಅನ್ನೋದಕ್ಕೆ ನ್ಯೂಜಿಲೆಂಡ್, ಆಸ್ಟ್ರೇಲಿಯಾ ಕಡೆಯ ಲೀಗ್ ಸೂಪರ್ ರಗ್ಬಿ ಇದೆ. 1996ರಲ್ಲಿ 12 ತಂಡ, 2016ಕ್ಕೆ 18. ಅರ್ಜೆಂಟೀನಾ, ಜಪಾನ್, ದಕ್ಷಿಣ ಆಫ್ರಿಕಾ ಎಲ್ಲ ಒಂದೇ ಲೀಗ್‌ನಲ್ಲಿ. ಎಲ್ಲರೂ ಎಲ್ಲರ ಜೊತೆ ಆಡೋಕಾಗಲ್ಲ ಅಂತ ಗುಂಪು ಮಾಡಿದರು. ಅಂಕಪಟ್ಟಿ ಅರ್ಥ ಮಾಡ್ಕೊಳ್ಳೋದೇ ಅಭಿಮಾನಿಗೆ ಒಂದು ಪರೀಕ್ಷೆಯಾಯ್ತು. 2018ರಲ್ಲಿ ಮತ್ತೆ 15ಕ್ಕೆ ಇಳಿಸಿದರು.

ಇನ್ನು ನಿಮ್ಮ ಪ್ರಶ್ನೆ. ಫ್ರಾನ್ಸಿನಲ್ಲಿ ಕೊನೆಯ ಕ್ಲಬ್ ನೇರ ಕೆಳಗೆ. 13ನೆಯದು ಕೆಳಗಿನ ಪ್ರೊ ಡಿ2ರ ರನ್ನರ್-ಅಪ್ ಜೊತೆ ಆಡಿ ಜಾಗ ಉಳಿಸಿಕೊಳ್ಳಬೇಕು. ಅಲ್ಲಿ ಇದು ನಡೆಯೋಕೆ ಕಾರಣ, ಪ್ರೊ ಡಿ2 ಕೂಡ ದುಡ್ಡಿರುವ ವೃತ್ತಿಪರ ಲೀಗ್. ಎರಡನ್ನೂ ನಡೆಸೋದು ಒಂದೇ ಸಂಸ್ಥೆ, ಲೆಕ್ಕ ಸರಿಯಿಲ್ಲದ ಕ್ಲಬ್ಬನ್ನು ಕೆಳಗೆ ತಳ್ಳುವ ಅಧಿಕಾರವೂ ಇದೆ. ಇಳಿದವನು ಸಾಯಲ್ಲ, ಮತ್ತೆ ಹತ್ತಬಹುದು. ಕೆಳಗೆ ಇಂಥ ನೆಲ ಇಲ್ಲದಿದ್ದರೆ ಇಳಿಸೋದು ಅಂದರೆ ಬಾವಿಗೆ ತಳ್ಳಿದ ಹಾಗೆ.

ಪ್ರಶ್ನೆ (ಮಡಿಕೇರಿ): ಹಾಗಾದರೆ ಯಾರೂ ಇಳಿಯದ, ಹತ್ತದ, ಬಾಗಿಲು ಮುಚ್ಚಿದ ಲೀಗೇ ಕ್ಷೇಮ ಅಲ್ವಾ ಸರ್? ಐಪಿಎಲ್ ಹಾಗೇ ನಡೀತಿದೆ.

ಉತ್ತರ: ಐಪಿಎಲ್‌ಗೆ ಬರುವ ಟಿವಿ ದುಡ್ಡು ರಗ್ಬಿಗೆ ಎಲ್ಲೂ ಇಲ್ಲ, ಆ ಹೋಲಿಕೆ ಬಿಡಿ. ಇಂಗ್ಲೆಂಡ್ ನೋಡಿ. 2022-23ರ ಒಂದೇ ಸೀಸನ್‌ನಲ್ಲಿ ವೂಸ್ಟರ್, ವಾಸ್ಪ್ಸ್, ಲಂಡನ್ ಐರಿಶ್ ಮೂರೂ ಕ್ಲಬ್ ದುಡ್ಡಿಲ್ಲದೆ ಲೀಗ್‌ನಿಂದ ಹೋದವು, 13 ಕ್ಲಬ್‌ಗಳ ಲೀಗ್ 10ಕ್ಕೆ ಬಂತು. ಆಗ ಅಲ್ಲಿ ಕೆಳಗಿಳಿಸುವ ನಿಯಮ ಜಾರಿಯಲ್ಲೇ ಇರಲಿಲ್ಲ! ಮುಳುಗಿಸಿದ್ದು ಸಾಲ, ಆದಾಯ ಮೀರಿದ ಖರ್ಚು, ಮೇಲೆ ಕೋವಿಡ್. ಬಾಗಿಲು ಮುಚ್ಚಿದ್ದರಿಂದ ಯಾರೂ ಉಳಿಯಲಿಲ್ಲ. ಸೀಸನ್ ಶುರುವಾಗೋ ಮೊದಲೇ ಆ ವರ್ಷದ ಸಂಬಳಕ್ಕೆ ಬ್ಯಾಂಕ್ ಗ್ಯಾರಂಟಿ ಕೇಳಬೇಕು, ಕೊಡದವರಿಗೆ ಲೈಸೆನ್ಸ್ ಇಲ್ಲ. ನಾನು ನಿಯಮ ಬರೆದರೆ ಮೊದಲ ಸಾಲು ಇದೇ.

ಪ್ರಶ್ನೆ (ಕುಶಾಲನಗರ): ಕ್ಲಬ್ ಆಟಗಾರರಿಗೆ ಕೊಡುವ ಒಟ್ಟು ಸಂಬಳಕ್ಕೆ ಮಿತಿ ಇದೆ ಅಂತಾರೆ. ಅದೆಲ್ಲ ಕಾಗದದ ಮೇಲೆ ತಾನೇ?

ಉತ್ತರ: ಇಂಗ್ಲೆಂಡಿನ ಸರಾಸೆನ್ಸ್ ಕ್ಲಬ್ ಆಗ ಯುರೋಪ್ ಚಾಂಪಿಯನ್. ವೇತನ ಮಿತಿ ಮೀರಿದ್ದಕ್ಕೆ 2019-20ರಲ್ಲಿ ಒಟ್ಟು 105 ಅಂಕ ಕಿತ್ತುಕೊಂಡು ಕೆಳಗಿನ ಡಿವಿಜನ್‌ಗೆ ಕಳಿಸಿದರು. ಬರೀ ದಂಡ ಹಾಕಿದ್ದರೆ ಶ್ರೀಮಂತ ಮಾಲೀಕ ಕಟ್ಟಿ ಸುಮ್ಮನಾಗುತ್ತಿದ್ದ. ಅಂಕ ಕೀಳಬೇಕು.

ಪ್ರಶ್ನೆ (ಗೋಣಿಕೊಪ್ಪ): ನಾನು ಪಿ.ಟಿ. ಟೀಚರ್. ಸೋತವರಿಗೂ ಅಂಕ ಕೊಡೋದು ಮಕ್ಕಳಿಗೆ ಅರ್ಥ ಆಗಲ್ಲ ಸರ್.

ಉತ್ತರ: ಮೇಡಂ, ಬಹುತೇಕ ಲೀಗ್‌ಗಳಲ್ಲಿ ಗೆದ್ದರೆ 4 ಅಂಕ, ಸಮ ಆದರೆ 2. ಚೆಂಡನ್ನು ಎದುರಾಳಿಯ ಗೋಲ್ ಗೆರೆಯಾಚೆ ಒಯ್ದು ನೆಲಕ್ಕೆ ಒತ್ತಿದರೆ ಅದು ಟ್ರೈ, ನಾಲ್ಕು ಟ್ರೈ ಹೊಡೆದರೆ ಒಂದು ಹೆಚ್ಚು. ಏಳು ಅಥವಾ ಕಡಿಮೆ ಪಾಯಿಂಟ್ ಅಂತರದಲ್ಲಿ ಸೋತರೂ ಒಂದು. ಫ್ರಾನ್ಸಿನ ಕ್ರಮ ನನಗೆ ಇನ್ನೂ ಇಷ್ಟ. ಅಲ್ಲಿ ಎದುರಾಳಿಗಿಂತ ಮೂರು ಟ್ರೈ ಹೆಚ್ಚು ಹೊಡೆದು ಗೆದ್ದರೆ ಮಾತ್ರ ಬೋನಸ್, ಸೋತವರಿಗೆ ಐದು ಅಥವಾ ಕಡಿಮೆ ಅಂತರ ಬೇಕು. ಹಾಗಾಗಿ ಸೋಲು ಖಚಿತವಾದ ತಂಡವೂ ಕೊನೇ ನಿಮಿಷದಲ್ಲಿ ಒಂದು ಟ್ರೈ ಹೊಡೆದು ಗೆದ್ದವರ ಬೋನಸ್ ಕಿತ್ಕೊಳ್ಳಬಹುದು. 80 ನಿಮಿಷದ ಆಟದ 79ನೇ ನಿಮಿಷದಲ್ಲೂ ಯಾರೂ ಕೈಚೆಲ್ಲಿ ನಿಲ್ಲಲ್ಲ. ಮಕ್ಕಳಿಗೆ ಒಂದು ಪಂದ್ಯ ತೋರಿಸಿ, ತಾವೇ ಲೆಕ್ಕ ಹಾಕ್ತಾರೆ.

ಪ್ರಶ್ನೆ (ವಿರಾಜಪೇಟೆ, ಮತ್ತೆ): ಥ್ಯಾಂಕ್ಸ್ ಸರ್. ನಮ್ಮ ಕೊಡಗಿನಲ್ಲಿ ಏನಾದರೂ ಶುರು ಮಾಡಬಹುದಾ?

ಉತ್ತರ: ಹದಿನೈದರ ಆಟ ಬೇಡ, ಏಳು ಜನರ ಸೆವೆನ್ಸ್ ಸಾಕು. ನೀವು ನೋಡಿದ ರಗ್ಬಿ ಪ್ರೀಮಿಯರ್ ಲೀಗ್ ಕೂಡ ಸೆವೆನ್ಸೇ. ಆರು ಫ್ರಾಂಚೈಸಿ, ನಮ್ಮ ಬೆಂಗಳೂರು ಬ್ರೇವ್‌ಹಾರ್ಟ್ಸ್ ಸೇರಿ. ಚೆನ್ನೈ ಬುಲ್ಸ್ ಗೆದ್ದಿತು. ಮೇಲ್ಛಾವಣಿ ಬಂದಿದೆ, ಕೆಳಗೆ ಗೋಡೆ ಏಳಬೇಕಾದ್ದು ಜಿಲ್ಲೆಗಳಲ್ಲಿ. ವರ್ಷಕ್ಕೊಂದು ಕುಟುಂಬ ಆತಿಥ್ಯ ವಹಿಸಿ ನೂರಾರು ತಂಡ ಕೂಡಿಸುವ ಅಭ್ಯಾಸ 1997ರಿಂದ ನಿಮ್ಮಲ್ಲಿದೆ. ಸಂಘಟನೆ ನಾನು ಹೇಳಿಕೊಡಬೇಕಿಲ್ಲ.

ನಾಕೌಟ್ ಮಾತ್ರ ಬೇಡ. ಹೊಸ ಹುಡುಗರು ಒಂದು ಪಂದ್ಯ ಸೋತು ಜೀಪ್ ಹತ್ತಿದರೆ ಏನು ಕಲಿತ ಹಾಗಾಯ್ತು? ನಾಲ್ಕು ತಂಡಕ್ಕೊಂದು ಗುಂಪು, ಪ್ರತಿ ತಂಡಕ್ಕೂ ಕನಿಷ್ಠ ಮೂರು ಪಂದ್ಯ. ಸೆವೆನ್ಸ್ ಪಂದ್ಯ ಹದಿನಾಲ್ಕೇ ನಿಮಿಷ, ಎರಡು ದಿನದಲ್ಲಿ ಮುಗಿಯುತ್ತೆ. ಕಾಫಿ ಕೊಯ್ಲು ಮುಗಿದು ಹಾಕಿ ಹಬ್ಬ ಶುರುವಾಗೋ ಮುಂಚೆ, ಮಾರ್ಚ್‌ನಲ್ಲಿ ಇಡಿ. ಆಗ ಮಳೆ ಕಡಿಮೆ, ಆದರೆ ನೆಲ ಒಣಗಿ ಗಟ್ಟಿಯಾಗಿರುತ್ತೆ. ಹುಲ್ಲಿಲ್ಲದ ಮೈದಾನದಲ್ಲಿ ಟ್ಯಾಕಲ್, ಅಂದರೆ ಎದುರಾಳಿಯನ್ನು ಹಿಡಿದು ಕೆಡವುವ ಆಟ, ಆಡಿಸಲೇಬೇಡಿ, ಸೊಂಟಕ್ಕೆ ಪಟ್ಟಿ ಕಟ್ಟಿ ಆಡುವ ಟ್ಯಾಗ್ ರಗ್ಬಿ ಆಡಿಸಿ. ಪಕ್ಕದಲ್ಲಿ ಡಾಕ್ಟರ್ ಇರಲಿ. ತಲೆಗೆ ಪೆಟ್ಟು ಬಿದ್ದಿದೆ ಅನ್ನುವ ಅನುಮಾನ ಬಂದರೂ ಹುಡುಗ ಹೊರಗೆ, ಆ ದಿನ ವಾಪಸ್ ಇಲ್ಲ. ಆ ವಿಷಯದಲ್ಲಿ ಕೋಚ್ ಮಾತೂ ನಡೆಯಬಾರದು, ಅಪ್ಪನ ಮಾತೂ ನಡೆಯಬಾರದು.