ಸಣ್ಣ ಕಾರಿಗೆ ಗಾಳಿ ಎಷ್ಟು ಹಾಕಿಸಬೇಕು? ಒಬ್ಬೊಬ್ಬರು ಒಂದೊಂದು ನಂಬರ್ ಹೇಳುತ್ತಿದ್ದಾರೆ

ನಾಗರಬಾವಿ_ನಿವಾಸಿ:
ಎಲ್ಲರಿಗೂ ನಮಸ್ಕಾರ. ನನ್ನದು ಸಣ್ಣ ಹ್ಯಾಚ್‌ಬ್ಯಾಕ್, 14 ಇಂಚಿನ ಟ್ಯೂಬ್‌ಲೆಸ್ ಟೈರ್. ತಗೊಂಡು ಎರಡು ವರ್ಷ ಆಯಿತು, ಇಷ್ಟು ದಿನ ಗಾಳಿ ಬಗ್ಗೆ ತಲೆ ಕೆಡಿಸಿಕೊಂಡಿರಲಿಲ್ಲ. ಮನೆ ಹತ್ತಿರದ ಬಂಕಿನ ಹುಡುಗ ಏನೂ ಕೇಳದೆ ನಾಲ್ಕಕ್ಕೂ 35 ಪಿಎಸ್‌ಐ (ಗಾಳಿ ಒತ್ತಡದ ಅಳತೆ) ಹಾಕಿಬಿಡುತ್ತಾನೆ. ಪಂಕ್ಚರ್ ಅಂಗಡಿಯವರು "ಸಣ್ಣ ಗಾಡಿಗೆ 30 ಸಾಕು ಸರ್, ಜಾಸ್ತಿ ಹಾಕಿದರೆ ಹೈವೇಲಿ ಒಡೆದು ಹೋಗುತ್ತೆ" ಅಂತಾರೆ. ಆಫೀಸಿನ ಗೆಳೆಯ 40 ಹಾಕಿಸು, ಮೈಲೇಜ್ ಬರುತ್ತೆ ಅಂದ. ಟೈರ್ ಮೇಲೆ ನೋಡಿದರೆ 51 ಪಿಎಸ್‌ಐ ಅಂತ ಅಚ್ಚಾಗಿದೆ! ಮುಂದಿನ ಶನಿವಾರ ಸಕಲೇಶಪುರ, ಶಿರಾಡಿ ಘಾಟಿ ಮೇಲೆ ಮಂಗಳೂರಿಗೆ ಹೊರಟಿದ್ದೇವೆ, ಐದು ಜನ, ಡಿಕ್ಕಿ ತುಂಬ ಲಗೇಜು, ಮಳೆ ಬೇರೆ ಶುರುವಾಗಿದೆ. ಅಮ್ಮನಿಗೆ ಬೆನ್ನು ನೋವು, ಅದಕ್ಕೆ ಗಾಳಿ ಸ್ವಲ್ಪ ಕಡಿಮೆ ಇಟ್ಟರೆ ಕುಲುಕಾಟ ತಪ್ಪುತ್ತದಾ ಅಂತಲೂ ಯೋಚನೆ. ನೈಟ್ರೋಜನ್ ಹಾಕಿಸಬೇಕಾ? ತಿಳಿದವರು ಹೇಳಿ.

ಹಳದಿಬೋರ್ಡ್_ಹಾಸನ:
ಸರ್, ಯಾರನ್ನೂ ಕೇಳಬೇಡಿ. ಡ್ರೈವರ್ ಬಾಗಿಲು ತೆಗೆದು ಕಂಬದ ಕೆಳಗಡೆ ನೋಡಿ, ಒಂದು ಸ್ಟಿಕ್ಕರ್ ಇರುತ್ತದೆ. ಅಲ್ಲಿ ಮುಂದಿನ ಟೈರಿಗೆ ಎಷ್ಟು, ಹಿಂದಿನದಕ್ಕೆ ಎಷ್ಟು ಅಂತ ಬರೆದಿರುತ್ತಾರೆ, ಕೆಲವು ಗಾಡಿಯಲ್ಲಿ ತುಂಬಿದ ಗಾಡಿಗೆ ಬೇರೆ ನಂಬರೇ ಇರುತ್ತದೆ. ನಿಮ್ಮ ಗಾಡಿಯ ತೂಕ ನೋಡಿ ಕೊಟ್ಟ ಲೆಕ್ಕ ಅದು. ಟೈರ್ ಮೇಲಿರುವ 51 ಆ ಟೈರ್ ತಡೆಯುವ ಗರಿಷ್ಠ, ಅಷ್ಟು ಹಾಕಿ ಅಂತ ಅಲ್ಲ. ಆ ಟೈರನ್ನು ಬೇರೆ ಬೇರೆ ಕಾರಿಗೆ ಹಾಕುತ್ತಾರೆ, ನಿಮ್ಮ ಕಾರು ಯಾವುದು ಅಂತ ಅದಕ್ಕೆ ಗೊತ್ತಿರಲ್ಲ.

ಇನ್ನು ಒಡೆಯುವ ವಿಷಯ. ನಾನು ಟ್ಯಾಕ್ಸಿ ಓಡಿಸಲು ಶುರುಮಾಡಿ ಹದಿನಾಲ್ಕು ವರ್ಷ ಆಯಿತು. ಹೈವೇಲಿ ಟೈರ್ ಹೋಗಿ ನಿಂತವರು ಬಹಳಷ್ಟು ಸಲ ಗಾಳಿ ಕಡಿಮೆ ಇಟ್ಟುಕೊಂಡು ಓಡಿಸಿದವರೇ. ಗಾಳಿ ಇಳಿದಿದ್ದರೆ ಟೈರಿನ ಪಕ್ಕದ ಗೋಡೆ ಸುತ್ತು ಸುತ್ತಿಗೂ ಮಡಚಿ ಬಿಚ್ಚಿಕೊಳ್ಳುತ್ತದೆ, ಅದರಿಂದಲೇ ಕಾವು ಏರುತ್ತದೆ. ಒಂದು ಏಪ್ರಿಲಲ್ಲಿ ಚನ್ನರಾಯಪಟ್ಟಣ ದಾಟಿದ ಮೇಲೆ ನನ್ನ ಹಿಂದಿನ ಎಡಗಡೆ ಟೈರ್ ಹೋಯಿತು. ಟೈರ್ ಮೇಲಿನ ರಬ್ಬರ್ ಗುಂಡಿಗಳು ಇನ್ನೂ ಚೆನ್ನಾಗಿದ್ದವು. ಅಂಗಡಿಯಲ್ಲಿ ರಿಮ್ಮಿಂದ ಬಿಚ್ಚಿದಾಗ ಒಳಗಿಂದ ಒಂದು ಹಿಡಿ ಕಪ್ಪು ರಬ್ಬರ್ ಪುಡಿ ಸುರಿಯಿತು, ಒಳಗಿನ ಗೋಡೆ ಅರೆದು ನೂಲು ಕಾಣುತ್ತಿತ್ತು. ನಿಧಾನಕ್ಕೆ ಗಾಳಿ ಇಳಿದದ್ದು ನನಗೆ ಗೊತ್ತೇ ಆಗಿರಲಿಲ್ಲ. ಹಿಂದೆ ಮೂವರು ಪ್ಯಾಸೆಂಜರ್ ಇದ್ದರು, ಅವತ್ತಿನಿಂದ ಬೆಳಗ್ಗೆ ಗಾಳಿ ಅಳೆಯದೆ ಗಾಡಿ ತೆಗೆಯುವುದಿಲ್ಲ.

ಘಾಟಿ_ಕೆಳಗಿನವಳು:
40ರ ಬಗ್ಗೆ ಒಂದು ಮಾತು. ನಮ್ಮನೆ ಕಾರಿಗೆ ಒಂದು ವರ್ಷ ಹಾಗೇ ಓಡಿಸಿದೆವು. ಟೈರಿನ ನಡುಭಾಗ ಸವೆದು ಎರಡು ಅಂಚು ಹೊಸದರ ಹಾಗೇ ಉಳಿಯಿತು, ದುಡ್ಡು ಕೊಟ್ಟು ಬೇಗ ಬದಲಾಯಿಸಬೇಕಾಯಿತು. ಗಾಳಿ ಕಡಿಮೆ ಆದರೆ ಉಲ್ಟಾ, ಅಂಚು ಎರಡೂ ಸವೆಯುತ್ತವೆ. ಮಳೆಗಾಲದಲ್ಲಿ ಶಿರಾಡಿ ಇಳಿಯುವವರು ಇದನ್ನು ಸುಮ್ನೆ ಬಿಡಬಾರದು. ಗಾಳಿ ಇಳಿದ ಟೈರ್ ನೀರನ್ನು ಸರಿಯಾಗಿ ಪಕ್ಕಕ್ಕೆ ತಳ್ಳುವುದಿಲ್ಲ, ನೀರಿನ ಮೇಲೆ ಜಾರುತ್ತದೆ. ತೀರಾ ಬಿಗಿಯಾದರೆ ರಸ್ತೆಗೆ ತಾಗುವ ಜಾಗವೇ ಕಡಿಮೆ. ಅಮ್ಮನ ಬೆನ್ನಿಗೋಸ್ಕರ ಗಾಳಿ ಇಳಿಸಬೇಡಿ, ಹಂಪ್ ಬಂದಾಗ ಪೂರ್ತಿ ನಿಧಾನ ಮಾಡಿ, ಅವರನ್ನು ಮುಂದಿನ ಸೀಟಲ್ಲಿ ಕೂರಿಸಿ. ಹಿಂದಿನ ಚಕ್ರದ ಮೇಲೆ ಕೂತವರಿಗೇ ಜಾಸ್ತಿ ಪೆಟ್ಟು.

ಫಿಸಿಕ್ಸ್_ಮೇಷ್ಟ್ರು:
ಸ್ಟಿಕ್ಕರಿನ ನಂಬರು ತಣ್ಣಗಿರುವ ಟೈರಿಗೆ, ಅಂದರೆ ಗಾಡಿ ಮೂರು ಗಂಟೆಯಾದರೂ ನೆರಳಲ್ಲಿ ನಿಂತಿರಬೇಕು. ಓಡಿದ ಮೇಲೆ ಮೂರು-ನಾಲ್ಕು ಪಿಎಸ್‌ಐ ತಾನಾಗೇ ಏರುತ್ತದೆ. ಬಿಸಿ ಇರುವಾಗ ನೋಡಿ ಜಾಸ್ತಿ ಆಯಿತು ಅಂತ ಬಿಡಿಸಿದರೆ ಮಾರನೇ ದಿನ ಬೆಳಗ್ಗೆ ಕಡಿಮೆ ಆಗಿರುತ್ತದೆ. ಬಂಕಿಗೆ ಓಡಿಸಿಕೊಂಡೇ ಹೋಗಬೇಕಲ್ವಾ, ಅದಕ್ಕೆ ನಾನು ಹೀಗೆ ಮಾಡುತ್ತೇನೆ. ಬೆಳಗ್ಗೆ ಮನೆಯಲ್ಲೇ ಸ್ವಂತ ಗೇಜಲ್ಲಿ ಅಳೆಯುತ್ತೇನೆ. 32 ಬೇಕಾದ ಕಡೆ 29 ಇದೆ ಅನ್ನಿ, ಮೂರು ಕೊರತೆ. ಬಂಕಿಗೆ ಹೋದಾಗ ಅದೇ ಟೈರ್ 31 ತೋರಿಸಿದರೆ 34 ತನಕ ಹಾಕಿಸುತ್ತೇನೆ. ಕೊರತೆಯನ್ನು ತುಂಬಿಸಿದರೆ ಮುಗಿಯಿತು.

ಘಾಟಿ ಇಳಿಯುವವರಿಗೆ ಇನ್ನೊಂದು. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಮೇಲಿದೆ. ಮಂಗಳೂರಲ್ಲಿ ಹೊರಗಿನ ಗಾಳಿಯ ಒತ್ತಡವೇ ಜಾಸ್ತಿ, ಗೇಜು ತೋರಿಸುವುದು ಟೈರಿನ ಒಳಗಿನ ಮತ್ತು ಹೊರಗಿನ ಒತ್ತಡದ ವ್ಯತ್ಯಾಸ, ಹಾಗಾಗಿ ಟೈರಿನ ಗೇಜು ಅಲ್ಲಿ ಸುಮಾರು ಒಂದೂವರೆ ಪಿಎಸ್‌ಐ ಕಡಿಮೆ ತೋರಿಸುತ್ತದೆ. ಆದರೆ ಅಲ್ಲಿ ಸೆಕೆಯೂ ಇದೆ, ಐದಾರು ಡಿಗ್ರಿ ಏರಿದರೆ ಸುಮಾರು ಒಂದು ಪಿಎಸ್‌ಐ ಏರುತ್ತದೆ. ಒಂದಕ್ಕೊಂದು ಹೆಚ್ಚುಕಡಿಮೆ ಸರಿಹೋಗುತ್ತದೆ. ಹೊರಡುವ ಮುಂಚೆ ಸರಿಯಾಗಿದ್ದರೆ ಅಲ್ಲಿ ಗಾಬರಿ ಬೇಡ.

ನೈಟ್ರೋಜನ್: ಮಾಮೂಲಿ ಗಾಳಿಯಲ್ಲೇ ನೂರಕ್ಕೆ 78 ಭಾಗ ನೈಟ್ರೋಜನ್ ಇದೆ. ಬರೀ ನೈಟ್ರೋಜನ್ ಹಾಕಿಸಿದರೆ ತೇವ ಇರುವುದಿಲ್ಲ, ಸ್ವಲ್ಪ ನಿಧಾನಕ್ಕೆ ಇಳಿಯುತ್ತದೆ, ಅಷ್ಟೇ. ಹಾಕಿಸಿದ್ದರೂ ತಿಂಗಳಿಗೊಮ್ಮೆ ಅಳೆಯಲೇಬೇಕು. ಆಮೇಲೆ ದಾರಿಯಲ್ಲಿ ಮಾಮೂಲಿ ಗಾಳಿ ಬೆರೆಸಿದರೂ ಏನೂ ಆಗಲ್ಲ.

ನಾಗರಬಾವಿ_ನಿವಾಸಿ:
ಎಲ್ಲರಿಗೂ ತುಂಬ ಥ್ಯಾಂಕ್ಸ್. ಎರಡು ವರ್ಷದಿಂದ ದಿನಾ ಆ ಬಾಗಿಲು ತೆಗೆಯುತ್ತಿದ್ದೇನೆ, ಸ್ಟಿಕ್ಕರ್ ಓದಿರಲಿಲ್ಲ. 220 ಅಂತ ಇತ್ತು, ಅದು ಕಿಲೋಪಾಸ್ಕಲ್ ಲೆಕ್ಕ, 32 ಪಿಎಸ್‌ಐ ಆಗುತ್ತದೆ. ಗಾಡಿ ತುಂಬಿದ್ದರೆ ಹಿಂದಿನದಕ್ಕೆ 250, ಅಂದರೆ 36. ಹೊಸ ಗೇಜ್ ತಂದು ಇವತ್ತು ಬೆಳಗ್ಗೆ ಆರು ಗಂಟೆಗೆ ಅಳೆದೆ. ಮುಂದಿನವು 33, 33. ಹಿಂದೆ ಬಲಗಡೆ 34. ಎಡಗಡೆ 26! ನೋಡಲು ನಾಲ್ಕೂ ಒಂದೇ ಥರ ಇವೆ. ಹತ್ತು ದಿನದ ಹಿಂದೆ ತಾನೆ ಬಂಕಲ್ಲಿ ಎಲ್ಲದಕ್ಕೂ ಸಮನಾಗಿ ಹಾಕಿಸಿದ್ದು.

ಹಳದಿಬೋರ್ಡ್_ಹಾಸನ:
ಸರ್, ಬರೀ ಗಾಳಿ ತುಂಬಿಸಿಕೊಂಡು ಹೊರಡಬೇಡಿ. ಒಂದೇ ಟೈರ್ ಇಳಿದಿದೆ ಅಂದರೆ ಲೀಕ್ ಇದೆ. ಸೋಪಿನ ನೀರು ಮಾಡಿಕೊಂಡು ಮೊದಲು ವಾಲ್ವ್ ಬಾಯಿಗೆ ಬಿಡಿ, ಆಮೇಲೆ ರಿಮ್ ಅಂಚು, ಆಮೇಲೆ ಗುಂಡಿಗಳ ನಡುವೆ ಸ್ಕ್ರೂ, ಮೊಳೆ ಏನಾದರೂ ಇದೆಯಾ ನೋಡಿ. ಹಾಗೇ ಸ್ಟೆಪ್ನಿಯನ್ನೂ ಅಳೆಯಿರಿ, ಅದನ್ನು ಎಲ್ಲರೂ ಮರೆಯುತ್ತಾರೆ.

ನಾಗರಬಾವಿ_ನಿವಾಸಿ:
ಅಣ್ಣಾ, ವಾಲ್ವೇ! ಪಾತ್ರೆ ತೊಳೆಯುವ ಸೋಪಿನ ನೀರು ಬಿಟ್ಟು ಕೂತೆ. ಅರ್ಧ ನಿಮಿಷ ಏನೂ ಇಲ್ಲ, ಆಮೇಲೆ ವಾಲ್ವ್ ಬಾಯಲ್ಲಿ ಸಾಸಿವೆ ಕಾಳಿನಷ್ಟು ಒಂದು ಗುಳ್ಳೆ ಎದ್ದಿತು, ಒಡೆಯಿತು, ಇನ್ನೊಂದು ಎದ್ದಿತು. ಅದಕ್ಕೆ ಮುಚ್ಚಳವೇ ಇರಲಿಲ್ಲ, ಒಳಗೆ ಮಣ್ಣು ಕೂತಿತ್ತು. ಪಂಕ್ಚರ್ ಅಂಗಡಿಯಲ್ಲಿ ಪಿನ್ ಬದಲಾಯಿಸಿ ಹೊಸ ಮುಚ್ಚಳ ಹಾಕಿಕೊಟ್ಟರು, ಐದು ನಿಮಿಷದ ಕೆಲಸ. ಸ್ಟೆಪ್ನಿಯಲ್ಲಿ 14 ಇತ್ತು, ಅದಕ್ಕೂ ತುಂಬಿಸಿದೆ. ಶುಕ್ರವಾರ ರಾತ್ರಿ ಲಗೇಜ್ ತುಂಬುತ್ತೇವೆ, ಶನಿವಾರ ಹೊರಡುವ ಮುಂಚೆ ಹಿಂದಿನ ಎಡಗಡೆ ಟೈರನ್ನು ಇನ್ನೊಮ್ಮೆ ಅಳೆದು ಇಲ್ಲೇ ಬರೆಯುತ್ತೇನೆ.